ಒರತೆಯ ದಾರಿಗೆ ಒಂದು ಗಾಡಿ

ಜನವರಿ ೯

ಒರತೆ ಅಳೆಯುವ ಸೊಸೆಗೆ,

ಸೊಸೆ ಎಂದು ಹೇಳಿದ ಕೂಡಲೆ ಬರೆಯುತ್ತಿದ್ದವಳು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಬೇರೆ ಪದ ಗೊತ್ತಿದ್ದರೆ ನೀನೇ ಹಾಕು ಎಂದೆ. ಅವಳಿಗೂ ಗೊತ್ತಿರಲಿಲ್ಲ, ಹಾಗಾಗಿ ಅದೇ ಉಳಿಯಿತು. ಹೌದು, ಇದನ್ನು ಬರೆಯುತ್ತಿರುವುದು ನಿನ್ನ ಅತ್ತೆ. ನನ್ನ ಕನ್ನಡಕದ ನಂಬರು ಬದಲಾಗಿದೆ, ಅಕ್ಷರಗಳು ಒಂದರ ಮೇಲೊಂದು ಹತ್ತುತ್ತವೆ. ಅವಳು ನಿನ್ನ ಜೊತೆ ಮಾತು ಬಿಟ್ಟಿರುವುದು ನಿಜ. ಬರೆದುಕೊಡುವುದು ಮಾತಾಡಿದ ಲೆಕ್ಕಕ್ಕೆ ಬರುವುದಿಲ್ಲವಂತೆ.

ಕೋರ್ಟಿನಲ್ಲಿ ಎಲ್ಲ ಮುಗಿಯಿತು ಎಂದು ಮಗ ಬಂದು ಹೇಳಿದ. ಅದು ನಿಮ್ಮಿಬ್ಬರ ವಿಷಯ. ನನ್ನ ವಿಷಯ ಶೆಡ್ಡಿನಲ್ಲಿ ನಿಂತಿರುವ ಗಾಡಿಯದು. ಕಬ್ಬಿಣದ ಚೌಕಟ್ಟು ಮುಗಿದು, ಎರಡು ಚಕ್ರದ ಮೇಲೆ ಮೂತಿ ಕೆಳಗೆ ಹಾಕಿಕೊಂಡು ನಿಂತಿದೆ. ಮೈ ಇಲ್ಲ, ಬಾಗಿಲಿಲ್ಲ. ಡೇರೆಯಲ್ಲಿ ಮಲಗಿ ಮಲಗಿ ಬೆನ್ನು ಹೋಯಿತು, ಜೀಪಿನ ಹಿಂದೆ ಕಟ್ಟಿಕೊಂಡು ಕಲ್ಲುದಾರಿಯಲ್ಲಿ ಎಳೆಯಬಹುದಾದ ಪುಟ್ಟ ಮನೆಯೊಂದು ಬೇಕು ಎಂದು ನೀನು ಕೇಳಿದ್ದಕ್ಕೆ ಶುರುಮಾಡಿದ್ದು. ಜೀವಮಾನವೆಲ್ಲ ಬಸ್ಸಿಗೆ ಬಾಡಿ ಕಟ್ಟಿದವನಿಗೆ ಇಷ್ಟು ಚಿಕ್ಕದನ್ನು ಕಟ್ಟುವುದು ಎಷ್ಟು ಕಷ್ಟ ಎಂದು ಆಮೇಲೆ ಗೊತ್ತಾಯಿತು. ಬಸ್ಸಿನಲ್ಲಿ ತಪ್ಪು ಮಾಡಿದರೆ ಅದನ್ನು ಅಡಗಿಸಲು ಜಾಗವಿರುತ್ತದೆ.

ಈಗ ಏನು ಮಾಡಲಿ, ಹೇಳು. ನಿನ್ನ ಗಾಡಿ ಅದು.

ಮಾವ


ಜನವರಿ ೨೮

ಮಾವನವರಿಗೆ ನಮಸ್ಕಾರ.

ಸಾಮಾನು ತರುವ ಜೀಪಿನಲ್ಲಿ ನಿಮ್ಮ ಪತ್ರ ಬಂತು. ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಉತ್ತರವೂ ಅದೇ ಜೀಪಿನಲ್ಲಿ ಬೆಟ್ಟ ಇಳಿಯಬೇಕು.

ಗಾಡಿಯನ್ನು ಬೇಕಾದವರಿಗೆ ಕೊಟ್ಟುಬಿಡಿ. ಅದು ಕಣ್ಣೆದುರಿಗಿದ್ದರೆ ಮನೆಯಲ್ಲಿ ಎಲ್ಲರಿಗೂ ಮುಜುಗರ. ನೀವು ಪಟ್ಟ ಶ್ರಮಕ್ಕೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ನಿಮ್ಮ ಆರೋಗ್ಯ ನೋಡಿಕೊಳ್ಳಿ. ಅತ್ತೆಗೂ ಹೇಳಿ.

ಇಂತಿ ನಿಮ್ಮ
(ನಾನೂ ಪದ ಹುಡುಕುತ್ತಿದ್ದೇನೆ)

ಮರೆತಿದ್ದೆ: ಯಾರಿಗೇ ಕೊಡುವುದಾದರೂ, ಚೌಕಟ್ಟಿನ ಹಿಂಭಾಗವನ್ನು ಮೇಲಕ್ಕೆ ಓರೆಯಾಗಿ ಕತ್ತರಿಸಿ ಕೊಡಿ. ಈಗಿರುವಂತೆ ನೇರ ಬಿಟ್ಟರೆ ಹಳ್ಳದಿಂದ ಮೇಲೆ ಹತ್ತುವಾಗ ಬಾಲ ಕಲ್ಲಿಗೆ ಬಡಿಯುತ್ತದೆ. ನಿನ್ನೆ ಅಂಥದ್ದೊಂದು ಹಳ್ಳ ದಾಟುವಾಗ ಹೊಳೆಯಿತು.


ಫೆಬ್ರವರಿ ೧೪

ಸೊಸೆಗೆ,

ನಿನ್ನ ಪತ್ರದ ಮೇಲಿನ ಭಾಗ ನನಗೆ ಅರ್ಥವಾಗಲಿಲ್ಲ. ಕೊನೆಯಲ್ಲಿ "ಮರೆತಿದ್ದೆ" ಎಂದು ಬರೆದಿರುವುದು ಚೆನ್ನಾಗಿ ಅರ್ಥವಾಯಿತು. ಹಿಂಭಾಗ ಓರೆಯಾಗಿ ಕತ್ತರಿಸಿಯಾಯಿತು. ಈಗ ಅದು ಕೂರಲು ಹೊರಟ ಕೋಳಿಯ ಹಾಗೆ ಬಾಲ ಎತ್ತಿಕೊಂಡು ನಿಂತಿದೆ.

ಎರಡು ಚಕ್ರಕ್ಕೂ ಸೇರಿ ಒಂದೇ ಅಚ್ಚು ಹಾಕಬೇಕೆಂದಿದ್ದೆವಲ್ಲ, ಅದನ್ನೂ ಬಿಟ್ಟೆ. ಒಂದೊಂದು ಚಕ್ರಕ್ಕೆ ಒಂದೊಂದು ತೋಳು, ಒಂದೊಂದು ಸ್ಪ್ರಿಂಗು. ಎಡಗಾಲು ಗುಂಡಿಗೆ ಬಿದ್ದರೆ ಬಲಗಾಲಿಗೆ ಗೊತ್ತಾಗಬಾರದು. ನಡುವೆ ಅಚ್ಚಿಲ್ಲದ್ದರಿಂದ ದೊಡ್ಡ ಕಲ್ಲೂ ಹೊಟ್ಟೆಯಡಿ ನುಸುಳಿಹೋಗುತ್ತದೆ. ಚಕ್ರ ನಿನ್ನ ಜೀಪಿನ ಅಳತೆಯದ್ದೇ ಹಾಕಿದ್ದೇನೆ, ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತದೆ.

ಒಬ್ಬ ಗಿರಾಕಿ ಬಂದಿದ್ದ. ಇದರಲ್ಲಿ ಜ್ಯೂಸ್ ಅಂಗಡಿ ಇಡುತ್ತಾನಂತೆ. "ಚಕ್ರ ಯಾಕೆ ಇಷ್ಟು ದೊಡ್ಡದು, ನಾನೇನು ಬೆಟ್ಟ ಹತ್ತಬೇಕಾ" ಅಂದ. ಹತ್ತದಿದ್ದರೆ ಇದು ನಿಮಗಲ್ಲ ಎಂದು ಕಳಿಸಿದೆ. [ಬರೆಯುವವಳ ಮಾತು: ಟೀ ಕೂಡ ಕೊಡಗೊಡಲಿಲ್ಲ. ನಾನು ಆಗಲೇ ಒಲೆಯ ಮೇಲೆ ಇಟ್ಟಿದ್ದೆ.]

ಇನ್ನು ಒಂದು ಕೇಳಬೇಕು. ಆವತ್ತು ನೀವಿಬ್ಬರೂ ಶೆಡ್ಡಿನ ನೆಲದ ಮೇಲೆ ಅಕ್ಕಪಕ್ಕ ಮಲಗಿದಿರಿ, ನಾನು ಸುತ್ತಲೂ ಸೀಮೆಸುಣ್ಣದಿಂದ ಗೆರೆ ಎಳೆದು ಹಾಸಿಗೆಯ ಅಳತೆ ತೆಗೆದಿದ್ದೆ. ಚೌಕಟ್ಟಿನಲ್ಲಿ ಹಾಸಿಗೆ ಆ ಅಳತೆಗೇ ಇದೆ. ಮೈ ಕಟ್ಟುವ ಮೊದಲು ನೀನು ಹೇಳಬೇಕು. ನಾನಾಗಿ ಗರಗಸ ಹಾಕುವುದಿಲ್ಲ.

ಮಾವ


ಮಾರ್ಚ್ ೧೧

ಮಾವ,

ಒಬ್ಬರಿಗೆ ಮಾಡಿ.

ಇಷ್ಟೇ ಬರೆದು ಕಾಗದ ಮಡಿಚಿದ್ದೆ. ಜೀಪು ಬರುವುದು ತಡವಾಯಿತು, ಮತ್ತೆ ಬಿಚ್ಚಿದೆ.

ಹಾಸಿಗೆ ಅರ್ಧವಾದರೆ ಉಳಿಯುವ ಜಾಗದಲ್ಲಿ ನೀರಿನ ಟ್ಯಾಂಕು ಕೂರಿಸಬಹುದು. ಅದು ಚಕ್ರದ ನೇರಕ್ಕೆ, ತೀರಾ ತಳದಲ್ಲಿರಲಿ. ಹಿಂದಕ್ಕೆ ಹೋದರೆ ಗಾಡಿ ಜೀಪಿನ ಬಾಲ ಎತ್ತುತ್ತದೆ, ಮುಂದಕ್ಕೆ ಬಂದರೆ ಕೊಂಡಿಯ ಮೇಲೆ ಭಾರ ಬೀಳುತ್ತದೆ. ಟ್ಯಾಂಕಿನ ಮೇಲೆ ಹಲಗೆ ಹಾಕಿದರೆ ಮೇಜಾಯಿತು. ಒರತೆಯ ನೀರಿನ ಬಾಟಲಿಗಳನ್ನು ನಿಲ್ಲಿಸಲು ಗೂಡುಗಳಿರುವ ಪೆಟ್ಟಿಗೆಯೊಂದು ಬೇಕು. ಕಪಾಟು ಬೇಡ. ನೀವು ಗುಟ್ಟಾಗಿ ಕಪಾಟು ಸೇರಿಸುತ್ತೀರಿ ಎಂದು ನನಗೆ ಗೊತ್ತು. ನನ್ನ ಜೀಪು ಮುದುಕಿ, ಒಂದು ಕಪಾಟು ಹೆಚ್ಚಾದರೂ ಏದುಸಿರು ಬಿಡುತ್ತಾಳೆ.

ಮೊನ್ನೆ ಗಾಳಿಗೆ ಡೇರೆಯ ಕಂಬ ಮುರಿದು ಬಟ್ಟೆಯೆಲ್ಲ ಮುಖದ ಮೇಲೆ ಬಿತ್ತು. ಅದನ್ನು ಎತ್ತಿ ಹಿಡಿದುಕೊಂಡೇ ಬೆಳಗು ಮಾಡಿದೆ. ನಗು ಬಂತು. ಹೀಗಾಯಿತು ಅಂತ ಹೇಳಲು ಪಕ್ಕದಲ್ಲಿ ಯಾರೂ ಇಲ್ಲವಲ್ಲ ಎಂದು ಆಮೇಲೆ ಅನಿಸಿತು. ಈ ಕೆಲಸ ಬಿಟ್ಟು ಊರಲ್ಲಿರು ಎಂದು ನಿಮ್ಮ ಮಗ ಕೇಳಿದ್ದು ತಪ್ಪಲ್ಲ, ಮಾವ. ಮನೆಗೆ ಬಂದಾಗ ದೀಪ ಹತ್ತಿರಬೇಕು ಅನ್ನುವುದು ದೊಡ್ಡ ಆಸೆಯೇನಲ್ಲ. ಆದರೆ ಕೆಳಗಿನ ಹಳ್ಳಿಗಳವರು ಬೇಸಿಗೆಯಲ್ಲಿ ಕುಡಿಯುವುದು ಈ ಒರತೆಗಳ ನೀರನ್ನೇ. ಯಾವುದು ಬತ್ತುತ್ತಿದೆ, ಯಾವುದು ಉಳಿದಿದೆ ಎಂದು ಯಾರಾದರೂ ಹತ್ತಿ ನೋಡಲೇಬೇಕು. ನನ್ನಿಂದ ಬಿಡಲಾಗಲಿಲ್ಲ.

ಅತ್ತೆ, ಇದನ್ನು ನೀವೇ ಓದಿ ಹೇಳುತ್ತಿರಬೇಕು. ಆ ಜ್ಯೂಸಿನವನಿಗೆ ಕೊಡದ ಟೀಯನ್ನು ಯಾರು ಕುಡಿದರು?

ನಿಮ್ಮ ಸೊಸೆ (ಸದ್ಯಕ್ಕೆ ಇದೇ ಇರಲಿ)


ಏಪ್ರಿಲ್ ೬

ನಾನು ಪತ್ರ ಬರೆಯುತ್ತೇನೆಂದು ನೀನು ನಿರೀಕ್ಷಿಸಿರಲಿಕ್ಕಿಲ್ಲ. ಹಳೆಯದನ್ನು ಕೆದಕಲು ಬರೆಯುತ್ತಿಲ್ಲ. ನಾನು ಚೆನ್ನಾಗಿದ್ದೇನೆ. ಲಿಫ್ಟ್ ರಿಪೇರಿ ಕೆಲಸ ಹಾಗೇ ನಡೆದಿದೆ, ಇಡೀ ದಿನ ಮೇಲೆ ಕೆಳಗೆ.

ಅಪ್ಪನ ಕಣ್ಣಿಗೆ ಏನೂ ಆಗಿಲ್ಲ. ಬಲಗೈ ನಡುಗುತ್ತದೆ. ವೆಲ್ಡಿಂಗ್ ಮಾಡುವಾಗ ಕಿಡಿ ಎಲ್ಲೆಲ್ಲೋ ಹಾರುವುದನ್ನು ನಾನೇ ನೋಡಿದೆ. ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದರೂ ಎದ್ದು ಹೋಗುತ್ತಾರೆ. ಎಲ್ಲರ ಊಟ ಮುಗಿದ ಮೇಲೆ ಒಬ್ಬರೇ ಕೂತು ಊಟ ಮಾಡುತ್ತಾರೆ. ನನಗೂ ಅಮ್ಮನಿಗೂ ಗೊತ್ತಿಲ್ಲವೆಂದು ಅವರು ಅಂದುಕೊಂಡಿದ್ದಾರೆ, ನಾವೂ ಹಾಗೇ ನಡೆದುಕೊಳ್ಳುತ್ತಿದ್ದೇವೆ.

ಕಣ್ಣಿನ ನೆಪದಲ್ಲೇ ಗಾಡಿಯ ಬೆಸುಗೆಯೆಲ್ಲ ಈಗ ನಾನು ಮಾಡುತ್ತಿದ್ದೇನೆ. ಭಾನುವಾರ ಹೋಗುತ್ತೇನೆ. ಅವರು ಸ್ಟೂಲಿನ ಮೇಲೆ ಕೂತು ಬೈಯುತ್ತಾರೆ. "ಇದೇನು ಬೆಸುಗೆನಾ, ಹಕ್ಕಿ ಹಿಕ್ಕೆ ಹಾಕಿದ ಹಾಗಿದೆ" ಅನ್ನುತ್ತಾರೆ. ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ. ನಾನು ಮಾಡಿದ್ದು ಎಂದು ಗೊತ್ತಾದರೆ ನೀನು ಗಾಡಿ ಬೇಡವೆನ್ನುತ್ತೀಯ ಎಂಬ ಭಯ ಅವರಿಗೆ. ಹಾಗೆ ಅನ್ನುವವಳಲ್ಲ ನೀನು ಎಂದು ನನಗೆ ಗೊತ್ತಿರುವುದರಿಂದ ಬರೆದೆ.

ಹಾಸಿಗೆಯ ಚೌಕಟ್ಟು ಕತ್ತರಿಸಿದ್ದೂ ನಾನೇ. ಅಪ್ಪ ಹೊರಗೆ ಹೋಗಿ ನಿಂತಿದ್ದರು.

ಅವರಿಗೆ ಪತ್ರ ಬರೆಯುವುದನ್ನು ನಿಲ್ಲಿಸಬೇಡ. ನಿನ್ನ ಪತ್ರ ಬಂದ ವಾರ ಶೇವ್ ಮಾಡಿಕೊಳ್ಳುತ್ತಾರೆ.

ಶೆಡ್ಡಿನ ಈಗಿನ ವೆಲ್ಡರ್


ಏಪ್ರಿಲ್ ೨೫

ಮಾವ,

ಈ ಸಲ ಡಿಸೈನಿನಲ್ಲಿ ದೊಡ್ಡ ಬದಲಾವಣೆ ಕೇಳುತ್ತಿದ್ದೇನೆ, ಬೈಯಬೇಡಿ.

ಗಾಡಿಯ ಮೈಯನ್ನು ಚೌಕಟ್ಟಿಗೆ ಬೆಸೆಯುವುದು ಬೇಡ. ಪ್ಲೈವುಡ್ಡಿನ ಪೆಟ್ಟಿಗೆಯನ್ನು ಬೇರೆಯಾಗಿ ಮಾಡಿ, ಗೋಂದು ಹಾಕಿ ಕೂಡಿಸಿ, ಮೇಲೆ ತೆಳು ಅಲ್ಯೂಮಿನಿಯಂ ಹಾಳೆ ಹೊದಿಸಿ, ಬೋಲ್ಟು ಹಾಕಿ ಕೂರಿಸೋಣ. ನಡುವೆ ರಬ್ಬರು ಇಟ್ಟರೆ ಕಲ್ಲಿನ ಮೇಲೆ ಚೌಕಟ್ಟು ತಿರುಚಿಕೊಂಡರೂ ಪೆಟ್ಟಿಗೆ ಬಿರಿಯುವುದಿಲ್ಲ. ಇಲ್ಲಿ ಏನಾದರೂ ಮುರಿದರೆ ವೆಲ್ಡರನ್ನು ಎಲ್ಲಿಂದ ತರಲಿ? ಬೋಲ್ಟಾದರೆ ಸ್ಪ್ಯಾನರು ಹಿಡಿದು ನಾನೇ ಬಿಗಿ ಮಾಡಿಕೊಳ್ಳುತ್ತೇನೆ. ಬಾಗಿಲಿನ ಕೀಲು, ಕಿಟಕಿ, ಬಾಟಲಿ ಪೆಟ್ಟಿಗೆ, ಎಲ್ಲವೂ ಬೋಲ್ಟಿನಲ್ಲೇ ಆಗಲಿ. ಗೋಂದು ಒಣಗುವವರೆಗೆ ಕೂತು ಕಾಯುವ ಕೆಲಸ ನಿಮಗೆ ಹಿಡಿಸುವುದಿಲ್ಲ, ಗೊತ್ತು. ಪಕ್ಕದಲ್ಲಿ ಅತ್ತೆಯನ್ನು ಕೂರಿಸಿಕೊಳ್ಳಿ.

ಇದುವರೆಗೆ ಮಾಡಿದ ಬೆಸುಗೆ ತುಂಬ ಗಟ್ಟಿಯಾಗಿದೆ ಎಂದು ನಂಬಿದ್ದೇನೆ. ಯಾರು ಮಾಡಿದ್ದರೂ.

ನಿಮ್ಮ ಸೊಸೆ


ಜೂನ್ ೧೯

ಸೊಸೆಗೆ,

ಬೋಲ್ಟಿನ ಮಾತು ಸರಿ. ಯಾಕೆ ಸರಿ ಎಂದು ನೀನು ಬರೆದ ಕಾರಣಗಳೂ ಸರಿ. ಬರೆಯದ ಕಾರಣ ಇನ್ನೇನಾದರೂ ಇದ್ದರೆ ಅದನ್ನು ನಾನು ಕೇಳುವುದಿಲ್ಲ. [ಬರೆಯುವವಳ ಮಾತು: ನಾನೂ ಕೇಳುವುದಿಲ್ಲ.]

ಮೈ ಕೂತಿದೆ. ಬಾಗಿಲಿಗೆ ಎರಡು ಸಾಲು ರಬ್ಬರು ಹಾಕಿದ್ದೇನೆ, ಧೂಳು ಒಳಗೆ ಬರಬೇಕೆಂದರೆ ಬಾಗಿಲು ತಟ್ಟಿ ಬರಬೇಕು. ಹೋದ ಭಾನುವಾರ ಮಗನ ಜೀಪಿಗೆ ಕಟ್ಟಿ ಹಳೆಯ ಕಲ್ಲುಕ್ವಾರಿಗೆ ಎಳೆದುಕೊಂಡು ಹೋದೆವು. ಅವನೇ ಓಡಿಸಿದ. ನಾನು ಹಿಂದೆ ನಡೆದುಬಂದೆ, ಚಕ್ರದ ಮೇಲೆ ಕಣ್ಣಿಟ್ಟು. ತೋಳುಗಳು ನೀನು ನೋಡಬೇಕು. ಒಂದು ಮೇಲೆ, ಒಂದು ಕೆಳಗೆ, ಮಂಡಿ ಮಡಚಿ ನಡೆಯುವ ಪ್ರಾಣಿಯ ಹಾಗೆ.

ಆಮೇಲೆ ಕೆಟ್ಟಿತು. ಒಂದು ಓರೆ ಬಂಡೆ ಹತ್ತುವಾಗ ಜೀಪು ಒಂದು ಕಡೆ ವಾಲಿತು, ಗಾಡಿ ಇನ್ನೊಂದು ಕಡೆ. ಜೀಪಿಗೆ ಗಾಡಿಯನ್ನು ಸೇರಿಸುವ ಉಂಡೆ ಕೊಂಡಿಗೆ ಅಷ್ಟು ತಿರುಗಲು ಬರುವುದಿಲ್ಲ. ಟಪ್ ಎಂದು ಕಿತ್ತುಕೊಂಡು ಬಂತು. ಗಾಡಿ ಹಿಂದಕ್ಕೆ ಉರುಳತೊಡಗಿತು, ನೇರ ನನ್ನ ಕಡೆಗೆ. ನಾನು ದೂಡಿ ನಿಲ್ಲಿಸಲು ಕೈ ಚಾಚಿದೆ, ಬುದ್ಧಿಯಿಲ್ಲದವನ ಹಾಗೆ. ಮಗ ಜೀಪಿನಿಂದ ಹಾರಿ ಬಂದು ನನ್ನ ಸೊಂಟ ಹಿಡಿದು ಪಕ್ಕಕ್ಕೆಳೆದ. ಇಬ್ಬರೂ ಜಲ್ಲಿಯ ಮೇಲೆ ಬಿದ್ದೆವು. ಗಾಡಿ ತಾನಾಗಿಯೇ ಹೋಗಿ ಮಣ್ಣಿನ ದಿಬ್ಬಕ್ಕೆ ಒರಗಿ ನಿಂತಿತು. ಬಾಗಿಲು ಕೂಡ ತೆರೆದಿರಲಿಲ್ಲ.

"ಸತ್ತೇ ಹೋಗ್ತಿದ್ರಲ್ಲ ಅಪ್ಪ" ಅಂದ.

"ಗಾಡಿ ನೋಡೋ, ಒಂದು ಬೋಲ್ಟೂ ಸಡಿಲ ಆಗಿಲ್ಲ" ಅಂದೆ.

ಅವನು ಮೈಮೇಲಿನ ಜಲ್ಲಿ ಕೊಡವಿಕೊಂಡ. ಆಮೇಲೆ ಎದ್ದು ಹೋಗಿ ಕೊಂಡಿ ಪರೀಕ್ಷೆ ಮಾಡಿದ. "ಅವಳು ಒಬ್ಳೇ ಇರುವಾಗ ಹೀಗಾದ್ರೆ ಯಾರು ಎಳೀತಾರೆ, ಇದು ಬೇಡ" ಎಂದು ಎಲ್ಲ ಕಡೆಗೂ ತಿರುಗುವ ಹೊಸ ಕೊಂಡಿ ಹುಡುಕಿ ತಂದ. ಅದರ ಜೊತೆಗೆ ಎರಡು ಸರಪಳಿಯನ್ನೂ ಹಾಕಿದ್ದಾನೆ.

ಇನ್ನೊಂದು ಸುದ್ದಿ. ನಿನ್ನ ಅತ್ತೆ ಒಂದು ಮಧ್ಯಾಹ್ನ ಶೆಡ್ಡಿಗೆ ಬಂದು, ಗಾಡಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂತಳು. ಹೊರಗೆ ಬಂದವಳ ಮುಖವೆಲ್ಲ ಬೆವರು. "ಇದರೊಳಗೆ ಹುಡುಗಿ ಬೆಂದು ಹೋಗ್ತಾಳೆ. ನೆತ್ತಿ ಮೇಲೆ ಒಂದು ಕಿಂಡಿ ಬೇಕು ಅಂತ ನಿಮಗೆ ತೋಚಲಿಲ್ವಾ" ಅಂದಳು. ಈಗ ಛಾವಣಿಯಲ್ಲಿ ಎತ್ತಿ ಮುಚ್ಚುವ ಕಿಂಡಿ ಇದೆ. [ಇದನ್ನು ಬರೆಸಬೇಡಿ ಎಂದು ನಾನೇ ಹೇಳಿದೆ, ನಾನೇ ಬರೆದೆ.]

ಬಂದು ತೆಗೆದುಕೊಂಡು ಹೋಗು.

ಮಾವ


ಜುಲೈ ೮

ಮಾವ,

ತಿಂಗಳ ಕೊನೆಗೆ ಬರುತ್ತೇನೆ. ಆದರೆ ಒಂದು ಷರತ್ತು. ಹೊಸ ಗಾಡಿಯನ್ನು ಕಟ್ಟಿದವರಿಲ್ಲದೆ ಮೊದಲ ಸಲ ಬೆಟ್ಟಕ್ಕೆ ಎಳೆಯುವ ಧೈರ್ಯ ನನಗಿಲ್ಲ. ನೀವೂ ಬನ್ನಿ. ಗಾಡಿಯಲ್ಲಿ ನೀವು ಮಲಗಿ, ನನಗೆ ಡೇರೆ ಅಭ್ಯಾಸವಿದೆ. ಅದರ ಮುಂದಿನ ವಾರ ಸಾಮಾನಿನ ಜೀಪಿನಲ್ಲಿ ನಿಮ್ಮನ್ನು ಕಳಿಸಿಕೊಡುತ್ತೇನೆ.

ಗಾಡಿ ಉರುಳಿ ಬಂದರೆ ಕೈ ಚಾಚಿ ತಡೆಯುವುದಿಲ್ಲ ಎಂದು ಅತ್ತೆಯ ಎದುರು ಮಾತು ಕೊಟ್ಟು ಬನ್ನಿ.

ನಿಮ್ಮ ಸೊಸೆ


ಆಗಸ್ಟ್ ೧೨

ಅತ್ತೆಗೆ,

ಈ ಪತ್ರ ನಿಮಗೆ ಮಾತ್ರ. ನೀವು ಮಾತಾಡಬೇಕಾಗಿಲ್ಲ, ಓದಿದರೆ ಸಾಕು. ಬರೆಯಲು ಹೇಳಿದ್ದು ಮಾವ. ತಮ್ಮ ಬಾಯಲ್ಲಿ ಬರುವುದಿಲ್ಲ, ನೀನೇ ಹೇಳು ಅಂದರು.

ಗಾಡಿ ಹಳ್ಳ ದಾಟಿತು, ಬಂಡೆ ಹತ್ತಿತು. ಹಿಂದಕ್ಕೆ ತಿರುಗಿ ನೋಡಿದರೆ ನೆರಳಿನ ಹಾಗೆ ಬರುತ್ತಿತ್ತು. ನನ್ನ ಪಕ್ಕದಲ್ಲಿ ಕೂತಿದ್ದ ಮಾವ ಪ್ರತಿ ಗುಂಡಿಗೂ ಕಾಲಲ್ಲಿ ಬ್ರೇಕು ಒತ್ತುತ್ತಿದ್ದರು, ಅವರ ಕಡೆ ಬ್ರೇಕೇ ಇರಲಿಲ್ಲ.

ಮೊದಲ ದಿನ ಊಟದ ತಟ್ಟೆ ತೆಗೆದುಕೊಂಡು ಗಾಡಿಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸೆಕೆಯಲ್ಲಿ ಯಾಕೆ ಮಾವ ಎಂದರೆ, ಕಿಂಡಿ ಪರೀಕ್ಷೆ ಮಾಡ್ತಿದ್ದೀನಿ ಅಂದರು.

ಮಾರನೆಯ ದಿನ ಒಂದು ಒರತೆಯ ಹತ್ತಿರ ಕರೆದುಕೊಂಡು ಹೋದೆ. ಬಂಡೆಯ ಸಂದಿಯಿಂದ ನೂಲಿನಂತೆ ನೀರು ಇಳಿಯುತ್ತದೆ. ಅದರ ಕೆಳಗೆ ಪಾತ್ರೆ ಹಿಡಿದು, ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ನೋಡಬೇಕು. ಹಿಡಿದುಕೊಳ್ಳಿ ಎಂದು ಅವರಿಗೆ ಕೊಟ್ಟೆ. ಯೋಚಿಸದೆ ಕೊಟ್ಟೆ ಅತ್ತೆ, ನಾನು ದಿನಾ ಮಾಡುವ ಕೆಲಸವಾದ್ದರಿಂದ. ಅವರ ಕೈ ನಡುಗಿತು. ನೀರೆಲ್ಲ ಬಂಡೆಯ ಮೇಲೆ ಚೆಲ್ಲಿತು. "ಬೇರೆ ಯಾರನ್ನಾದ್ರೂ ಕರ್ಕೊಂಡು ಬರ್ಬೇಕಿತ್ತು ನೀನು" ಅಂದರು. ಅಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಅವರ ಕೈಯ ಕೆಳಗೆ ನನ್ನ ಕೈ ಕೊಟ್ಟೆ. ಇಬ್ಬರೂ ಹಿಡಿದೆವು. ಪಾತ್ರೆ ತುಂಬಿತು.

ಸಂಜೆ ಗಾಡಿಯ ಮೆಟ್ಟಿಲ ಮೇಲೆ ಕೂತು, ಹೊರಗೇ, ಟೀ ಕುಡಿದರು. ಅರ್ಧ ಅಂಗಿಯ ಮೇಲೆ ಹೋಯಿತು. ಒರೆಸಿಕೊಳ್ಳಲಿಲ್ಲ.

"ನಿನಗೆ ಮೊದಲೇ ಗೊತ್ತಿತ್ತು ಅಲ್ವಾ" ಅಂದರು.

"ಗೊತ್ತಿತ್ತು."

"ಅದಕ್ಕೇ ಬೋಲ್ಟು."

"ಬೋಲ್ಟು ಒಳ್ಳೇದೂ ಹೌದು ಮಾವ."

ನಕ್ಕರು. ಆಮೇಲೆ ಹೇಳಿದರು: "ಡಾಕ್ಟರ ಹತ್ರ ಹೋದ್ರೆ ಇದಕ್ಕೊಂದು ಹೆಸರು ಹೇಳಿಬಿಡ್ತಾರೆ ಕಣಮ್ಮ. ಹೆಸರಿಲ್ಲದಿದ್ರೆ ಬರೀ ನಡುಕ. ಹೆಸರು ಬಂದ್ರೆ ಅದು ಮನೆಗೆ ಬಂದು ಕೂತ್ಕೊಳುತ್ತೆ."

ನಾನು ದೊಡ್ಡ ಮಾತೇನೂ ಆಡಲಿಲ್ಲ. ಒರತೆ ಬತ್ತುತ್ತಿದೆ ಎಂದು ಗೊತ್ತಾದ ಹಳ್ಳಿಯವರು ಮೊದಲು ನನ್ನ ಮೇಲೆ ಸಿಟ್ಟು ಮಾಡಿಕೊಳ್ಳುತ್ತಾರೆ, ಮಾರನೆಯ ದಿನ ಬಂದು ಈಗ ಏನು ಮಾಡೋಣ ಎಂದು ಕೇಳುತ್ತಾರೆ, ಅಷ್ಟು ಹೇಳಿದೆ. ಅವರು ಲೋಟ ಕೆಳಗಿಟ್ಟರು. "ಯಾರ ಜೊತೆ ಹೋಗ್ಲಿ" ಎಂದು ಕೇಳಿದರು. ಅತ್ತೆಯ ಜೊತೆ ಅಂದೆ. "ಅವಳಿಗೆ ಗೊತ್ತಿಲ್ಲ, ಹೆದರ್ತಾಳೆ" ಅಂದರು.

ಆದ್ದರಿಂದ ಹೇಳುತ್ತಿದ್ದೇನೆ. ಈ ಪತ್ರ ಓದುವವರೆಗೆ ನಿಮಗೆ ಏನೂ ಗೊತ್ತಿರಲಿಲ್ಲ. ಸರಿಯಲ್ಲವೇ?

ಸೊಸೆ


ಸೆಪ್ಟೆಂಬರ್ ೨೧

ಹುಡುಗಿ,

ಇದು ನಾನೇ. ಇವರು ಹೇಳಿ ಬರೆಸುತ್ತಿಲ್ಲ, ಹಿತ್ತಲಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದಾರೆ.

ನೀನು ಬರೆದದ್ದನ್ನು ಓದಿ, ಗೊತ್ತಿಲ್ಲದವಳ ಹಾಗೆ ಗಾಬರಿಯಾದೆ. ನಾಟಕ ಚೆನ್ನಾಗಿಯೇ ಮಾಡಿದೆ. ಇವರು ನನ್ನನ್ನು ಸಮಾಧಾನ ಮಾಡಬೇಕಾಯಿತು. ಸಮಾಧಾನ ಮಾಡುತ್ತಾ ಮಾಡುತ್ತಾ ಆಸ್ಪತ್ರೆಗೆ ತಾವೇ ಹೊರಟರು. ಡಾಕ್ಟರು ಹೆಸರು ಹೇಳಿದರು. ವಾಸಿಯಾಗುವಂಥದ್ದಲ್ಲ, ಆದರೆ ಮಾತ್ರೆ ಕೊಟ್ಟರೆ ನಿಧಾನವಾಗಿ ನಡೆಯುತ್ತದಂತೆ, ವರ್ಷಗಟ್ಟಲೆ. ಇವರು ಡಾಕ್ಟರ ಮೇಜು ಅಲ್ಲಾಡುವುದನ್ನು ನೋಡಿ "ಇದರ ಕಾಲಿನ ಸ್ಕ್ರೂ ಸಡಿಲ ಆಗಿದೆ" ಅಂದರು. ಮನೆಗೆ ಬಂದ ಮೇಲೆ ಒಂದು ದಿನ ಮಲಗೇ ಇದ್ದರು. ಅಂದು ನನಗೆ ನಿಜವಾಗಿಯೂ ಭಯವಾಯಿತು. ಮಾರನೆಯ ದಿನ ಎದ್ದು ಶೇವ್ ಮಾಡಿಕೊಂಡು, ಈಗ ಏನು ಮಾಡೋಣ ಎಂದರು. ಮಾತ್ರೆಯಿಂದ ಪರವಾಗಿಲ್ಲ. ಕೆಲವು ದಿನ ಚೆನ್ನಾಗಿರುತ್ತದೆ, ಕೆಲವು ದಿನ ಇಲ್ಲ. ಈಗ ನಮ್ಮ ಜೊತೆಯೇ ಊಟಕ್ಕೆ ಕೂರುತ್ತಾರೆ. ಚಮಚೆಯಲ್ಲಿ ತಿನ್ನುತ್ತಾರೆ, ಚೆಲ್ಲಿದರೆ ಚೆಲ್ಲಿತು.

ಮಗ ಒಬ್ಬಳನ್ನು ಕರೆದುಕೊಂಡು ಬಂದಿದ್ದ. ಒಳ್ಳೆಯವಳು, ಮೃದು ಮಾತು. ಇದನ್ನು ಬೇರೆಯವರ ಬಾಯಿಂದ ನೀನು ಕೇಳಬಾರದು ಎಂದು ನಾನೇ ಬರೆಯುತ್ತಿದ್ದೇನೆ. ನನಗೆ ನಿನ್ನ ಮೇಲೆ ಸಿಟ್ಟಿತ್ತು. ನೀನು ಬಿಟ್ಟು ಹೋದದ್ದು ಅವನನ್ನು ಎಂದು ಲೋಕ ಅಂದುಕೊಂಡಿತು, ನನ್ನನ್ನೂ ಬಿಟ್ಟು ಹೋದೆ ಎಂದು ನಾನು ಅಂದುಕೊಂಡಿದ್ದೆ. ಈಗಲೂ ಸ್ವಲ್ಪ ಇದೆ ಆ ಸಿಟ್ಟು. ಅದನ್ನು ಇಟ್ಟುಕೊಂಡೇ ಮಾತಾಡಬಹುದು ಎಂದು ಕಾಣುತ್ತದೆ.

ಇವರು ಬೆಟ್ಟದಿಂದ ಬಂದಾಗಿನಿಂದ ಒರತೆ ಒರತೆ ಎಂದು ನನ್ನ ತಲೆ ತಿನ್ನುತ್ತಿದ್ದಾರೆ. ನೀರು ಹೇಗೆ ತಣ್ಣಗಿತ್ತು, ಬೆಳಗ್ಗೆ ಕಿಂಡಿ ತೆರೆದರೆ ಆಕಾಶ ಹೇಗೆ ಕಂಡಿತು, ಎಲ್ಲ ಬಾಯಿಪಾಠ. ಆ ಕಿಂಡಿ ಯಾರ ಮಾತಿನಿಂದ ಆದದ್ದು ಎಂಬುದು ಮಾತ್ರ ಒಂದು ದಿನವೂ ಬಾಯಿಗೆ ಬಂದಿಲ್ಲ. ಆದ್ದರಿಂದ ನಾನೊಂದು ತೀರ್ಮಾನ ಮಾಡಿದ್ದೇನೆ. ಮುಂದಿನ ಸಲ ಸಾಮಾನಿನ ಜೀಪು ಮೇಲೆ ಹೋಗುವಾಗ ನಾನು ಅದರಲ್ಲಿ ಬರುತ್ತೇನೆ. ಆ ವಾರ ಮಗ ಇಲ್ಲೇ ಬಂದು ಇರುತ್ತಾನೆ, ಅಪ್ಪ ಮಗ ಅಡುಗೆ ಮಾಡಿಕೊಳ್ಳಲಿ. ಪಾತ್ರೆ ಹಿಡಿಯಲು ನನ್ನ ಎರಡು ಕೈಯೂ ಗಟ್ಟಿಯಾಗಿವೆ. ಗಾಡಿಯಲ್ಲಿ ನೀನು ಮಲಗು, ನಿನ್ನ ಬೆನ್ನಿಗಾಗಿ ಕಟ್ಟಿದ್ದು ಅದು. ನನಗೆ ಡೇರೆ ಸಾಕು, ಹತ್ತಿರದಲ್ಲೇ ಹಾಕು. ಆದರೆ ತೀರಾ ಹತ್ತಿರ ಬೇಡ. ನಾನು ಗೊರಕೆ ಹೊಡೆಯುತ್ತೇನೆ.

ಅತ್ತೆ